ಸಮಾನಾರ್ಥಕ ಪದಗಳ ಆ್ಯಪ್‌ಗೆ ‘ಡಿಸಾರ್ಮ್’ ಪರೀಕ್ಷೆ

ವಿದೇಶಿ ಸುದ್ದಿಗಳ ಅನುವಾದ ನನ್ನ ಕೆಲಸ. ಇಂಗ್ಲಿಷ್ ಸಮಾನಾರ್ಥಕ ಪದಗಳ ಆ್ಯಪ್ ಯಾವುದೇ ಹಾಕಿಕೊಂಡರೂ ಮೊದಲು ‘ಡಿಸಾರ್ಮ್’ ಅಂತ ಟೈಪ್ ಮಾಡಿ ನೋಡುತ್ತೇನೆ. ಆಯುಧ ಕಿತ್ತುಕೊಳ್ಳುವುದು, ಬಾಂಬ್ ನಿಷ್ಕ್ರಿಯ ಮಾಡುವುದು, ನಗುವಿನಿಂದ ಎದುರಿನವರ ಸಿಟ್ಟು ಇಳಿಸುವುದು, ಎಲ್ಲಕ್ಕೂ ಸಲ್ಲುವ ಪದ ಅದು. ಆ್ಯಪ್ ಎಷ್ಟು ಜಾಣ ಅನ್ನೋದು ಅಲ್ಲೇ ಗೊತ್ತಾಗುತ್ತದೆ.

ಈ ಉಚಿತ ಆ್ಯಪ್ ಡಿಮಿಲಿಟರೈಸ್, ಡಿಮೊಬಿಲೈಸ್, ಡಿಸೇಬಲ್, ಚಾರ್ಮ್ ಎಲ್ಲವನ್ನೂ ಒಂದೇ ರಾಶಿ ಹಾಕುತ್ತದೆ. ಪದಗಳೇನೋ ಸರಿ. ಯಾವುದನ್ನು ಎಲ್ಲಿ ಬಳಸಬೇಕು ಅನ್ನೋದೇ ಇಲ್ಲ. ಡಿಸಾರ್ಮ್ ಮಾಡುವುದು ಹೆಚ್ಚಾಗಿ ವ್ಯಕ್ತಿಯನ್ನು, ಪಡೆಯನ್ನು. ಡಿಮಿಲಿಟರೈಸ್ ಸಾಮಾನ್ಯವಾಗಿ ಜಾಗಕ್ಕೆ. ಮೊದಲ ಮಹಾಯುದ್ಧದ ನಂತರ 1919ರ ವರ್ಸೈ ಒಪ್ಪಂದ ಜರ್ಮನಿಯ ರೈನ್‌ಲ್ಯಾಂಡ್ ಪ್ರದೇಶಕ್ಕೆ ಮಾಡಿದ್ದು ಇದನ್ನೇ. ಜರ್ಮನಿ ಅಲ್ಲಿ ಸೈನ್ಯ, ಕೋಟೆ ಇಡುವಂತಿರಲಿಲ್ಲ. ಡಿಮೊಬಿಲೈಸ್ ಅಂದರೆ ಸೈನಿಕರನ್ನು ಪಡೆಯಿಂದ ಬಿಡಿಸಿ ಕಳಿಸುವುದು. ಹೋರಾಟಗಾರರನ್ನು ಮತ್ತೆ ಸಾಮಾನ್ಯ ಬದುಕಿಗೆ ತರುವ ವಿಶ್ವಸಂಸ್ಥೆಯ ‘ಡಿಡಿಆರ್’ ಕಾರ್ಯಕ್ರಮಗಳಲ್ಲಿ ಡಿಸಾರ್ಮ್, ಡಿಮೊಬಿಲೈಸ್ ಎರಡೂ ಬೇರೆ ಬೇರೆ ಹಂತ. ಬಂದೂಕು ಒಪ್ಪಿಸುವುದು ಒಂದು, ಪಡೆ ಬಿಡುವುದು ಇನ್ನೊಂದು, ಜನರ ನಡುವೆ ಮತ್ತೆ ಬದುಕು ಕಟ್ಟಿಕೊಳ್ಳುವುದು ಮೂರನೆಯದು. ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ ಸುದ್ದಿಯೇ ತಪ್ಪು.

‘ಅನ್‌ಆರ್ಮ್ಡ್’ ಕೂಡ ಇದೇ ರಾಶಿಯಲ್ಲಿದೆ. ಇದು ನನಗೆ ಒಪ್ಪಿಗೆಯಿಲ್ಲ. ಆ ಮನುಷ್ಯನ ಕೈಯಲ್ಲಿ ಮೊದಲಿನಿಂದಲೂ ಆಯುಧ ಇರಲಿಲ್ಲವೋ, ಇದ್ದದ್ದನ್ನು ಕಿತ್ತುಕೊಂಡರೋ? ಗುಂಡು ಹಾರಿಸಿದ ಸುದ್ದಿಯಲ್ಲಿ ಅದು ಸಣ್ಣ ವ್ಯತ್ಯಾಸ ಅಲ್ಲ.

ಉದಾಹರಣೆ ವಾಕ್ಯಗಳ ವಿಭಾಗ ಮಾತ್ರ ಚೆನ್ನಾಗಿದೆ. ವಿಮಾನ ಇಳಿದ ಮೇಲೆ ಬಾಗಿಲು ‘ಡಿಸಾರ್ಮ್’ ಮಾಡಿ ಅಂತ ಸಿಬ್ಬಂದಿಗೆ ಹೇಳುವ ವಾಕ್ಯ ಅಲ್ಲಿದೆ. ಇಲ್ಲಿ ಆಯುಧದ ಮಾತೇ ಇಲ್ಲ. ಬಾಗಿಲು ತೆಗೆದಾಗ ತುರ್ತು ಜಾರುಬಂಡಿ ತಾನಾಗೇ ಉಬ್ಬಿಕೊಂಡು ಹೊರಗೆ ಬರಬಾರದು, ಅಷ್ಟೇ. ಕಳ್ಳತನದ ಅಲಾರಂ ಆಫ್ ಮಾಡುವುದಕ್ಕೂ ಇದೇ ಪದ.

‘ಡಿಸಾರ್ಮಿಂಗ್ ಸ್ಮೈಲ್’ಗೆ ಬಂದಾಗ ಆ್ಯಪ್ ‘ಚಾರ್ಮಿಂಗ್’ ಅಂದು ಕೈತೊಳೆದುಕೊಂಡಿದೆ. ಚೆಂದದ ನಗುವೆಲ್ಲ ಸಿಟ್ಟು ಇಳಿಸಲ್ಲ, ಅಲ್ವಾ? ಎದುರಿನವರು ಜಗಳಕ್ಕೋ ಅನುಮಾನಕ್ಕೋ ತಯಾರಾಗಿರಬೇಕು, ಆಗಲೇ ಈ ಪದಕ್ಕೆ ಅರ್ಥ.

ಜಾಹೀರಾತು ಜಾಸ್ತಿ. ನೆಟ್ ಇಲ್ಲದಿದ್ದರೆ ಪದಗಳ ಪಟ್ಟಿ ಮಾತ್ರ ಬರುತ್ತದೆ, ವಾಕ್ಯಗಳು ಬರಲ್ಲ. ನಿಜಕ್ಕೂ ಕೆಲಸಕ್ಕೆ ಬರುವುದೇ ಅವು! ಪದ ಗೊತ್ತಿದ್ದೂ ಥಟ್ಟನೆ ನೆನಪಾಗದವರಿಗೆ ಇದು ಸಾಕು. ಇಂಗ್ಲಿಷ್ ಕಲಿಯುತ್ತಿರುವವರು ಪಕ್ಕದಲ್ಲಿ ಒಂದು ಒಳ್ಳೆಯ ನಿಘಂಟು ಇಟ್ಟುಕೊಳ್ಳಿ. ನನ್ನ ಕಡೆಯಿಂದ ಐದಕ್ಕೆ ಮೂರು ಸ್ಟಾರ್.