ಮದುವೆಯ ಮಂತ್ರ: ಸಂಸ್ಕೃತವೋ, ಕನ್ನಡವೋ?

ಮದುವೆಯ ವಿಧಿಯನ್ನು ಯಾವ ಭಾಷೆಯಲ್ಲಿ ನಡೆಸಬೇಕೆಂದು ಯೋಚಿಸುತ್ತಿರುವವರು ಮೊದಲು ಸಪ್ತಪದಿಯನ್ನು ಗಮನಿಸಬೇಕು. ಅನ್ನಕ್ಕಾಗಿ ಮೊದಲ ಹೆಜ್ಜೆ, ಬಲಕ್ಕಾಗಿ ಎರಡನೆಯದು ಎಂದು ಸಾಗಿ, ಏಳನೆಯದರಲ್ಲಿ ವಧೂವರರು ಸಖರಾಗುವ ಈ ವಿಧಿಯ ಸಂಸ್ಕೃತ ಮಂತ್ರಗಳು ಮನೆಯ ಸಂಸ್ಕಾರಗಳನ್ನು ವಿವರಿಸುವ ಪ್ರಾಚೀನ ಗ್ರಂಥಗಳಾದ ಗೃಹ್ಯಸೂತ್ರಗಳ ಕಾಲದಿಂದ ಬಾಯಿಂದ ಬಾಯಿಗೆ ಬಂದವು. ಉದಾತ್ತ, ಅನುದಾತ್ತ, ಸ್ವರಿತ ಎಂಬ ವೇದಸ್ವರಗಳ ಏರಿಳಿತದೊಡನೆ ಕೇಳಿದಾಗ ಅವುಗಳ ಗಾಂಭೀರ್ಯಕ್ಕೆ ಸಾಟಿಯಿಲ್ಲ. ಹಿರಿಯರಿಗೂ ಅದರಿಂದಲೇ ಸಮಾಧಾನ. ಆದರೆ ವಾಲಗದ ಸದ್ದಿನ ನಡುವೆ ಪುರೋಹಿತರು ಹೇಳಿಕೊಟ್ಟದ್ದನ್ನು ಹಾಗೆಯೇ ಒಪ್ಪಿಸುವ ವಧೂವರರಿಗೆ ತಾವು ಕೊಟ್ಟ ಮಾತೇನೆಂಬುದೇ ತಿಳಿಯದೆ ಹೋಗುವುದು ನನ್ನ ದೃಷ್ಟಿಯಲ್ಲಿ ಸಣ್ಣ ಕೊರತೆಯಲ್ಲ.

ಕುವೆಂಪು ಅವರು ರೂಪಿಸಿದ ಮಂತ್ರ ಮಾಂಗಲ್ಯ ಈ ಕೊರತೆಯನ್ನು ನೀಗುತ್ತದೆ. ಇಲ್ಲಿ ಪುರೋಹಿತರಿಲ್ಲ, ಆಡಂಬರವಿಲ್ಲ. ವಧೂವರರು ತಮಗೆ ತಿಳಿಯುವ ಕನ್ನಡದಲ್ಲಿ ಪ್ರತಿಜ್ಞೆ ಮಾಡುತ್ತಾರೆ. ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ 1966ರಲ್ಲಿ ಹೀಗೆಯೇ ನಡೆಯಿತು.

1955ರ ಹಿಂದೂ ವಿವಾಹ ಕಾಯ್ದೆಯು ವಧುವಿನ ಅಥವಾ ವರನ ಕಡೆಯ ರೂಢಿಯ ವಿಧಿಗಳನ್ನು ಕೇಳುತ್ತದೆಯೇ ಹೊರತು ಇಂಥದೇ ಭಾಷೆಯನ್ನಲ್ಲ. ಎರಡೂ ಬೇಕೆನ್ನುವವರು ಪ್ರತಿ ಹೆಜ್ಜೆಯ ಮಂತ್ರವಾದ ಕೂಡಲೇ ಅದರ ಅರ್ಥವನ್ನು ಕನ್ನಡದಲ್ಲಿ ತಾವೇ ಹೇಳುವಂತೆ ಪುರೋಹಿತರೊಡನೆ ಮೊದಲೇ ಮಾತನಾಡಿಕೊಳ್ಳಬಹುದು. ನಾನಾದರೆ ಇದನ್ನೇ ಆರಿಸುತ್ತೇನೆ.