ವಿಲೇಜ್ ವ್ಯಾನ್‌ಗಾರ್ಡ್: ಹನ್ನೊಂದು ವರ್ಷದಿಂದ ಹೋಗುತ್ತಿರುವವನ ಅನುಭವ

ನ್ಯೂಯಾರ್ಕಿನ ಸೆವೆನ್ತ್ ಅವೆನ್ಯೂ ಸೌತ್, ನಂಬರ್ 178. ಕೆಂಪು ಬಾಗಿಲು, ಕಡಿದಾದ ಮೆಟ್ಟಿಲು, ಕೆಳಗೊಂದು ನೆಲಮಾಳಿಗೆ. ಅದೇ ವಿಲೇಜ್ ವ್ಯಾನ್‌ಗಾರ್ಡ್ ಅನ್ನೋ ಜಾಝ್ ಸಂಗೀತದ ಕ್ಲಬ್. ಹನ್ನೊಂದು ವರ್ಷದಿಂದ ನ್ಯೂಜೆರ್ಸಿಯಿಂದ ರೈಲು ಹಿಡಿದು ಹೋಗಿಬರುತ್ತಿದ್ದೇನೆ. ವರ್ಷಕ್ಕೆ ಐದಾರು ಸಲ ಅಂತಿಟ್ಟುಕೊಳ್ಳಿ.

ಮೊದಲ ಸಲ ಹೋದಾಗ ‘ಇಷ್ಟೇನಾ?’ ಅನಿಸಿತ್ತು. ಪಿಜ್ಜಾ ತುಂಡಿನ ಹಾಗೆ ಒಂದು ಕಡೆ ಅಗಲ, ಇನ್ನೊಂದು ಕಡೆ ಚೂಪು. ಚೂಪಾದ ಕಡೆ ವೇದಿಕೆ. 123 ಜನ ಕೂತರೆ ಭರ್ತಿ. ನಮ್ಮ ಛತ್ರಗಳಲ್ಲಿ ಊಟದ ಒಂದು ಪಂಕ್ತಿಗೇ ಇದಕ್ಕಿಂತ ಜಾಸ್ತಿ ಜನ ಕೂರುತ್ತಾರೆ.

ಕ್ಲಬ್ ಶುರು ಮಾಡಿದ ಮ್ಯಾಕ್ಸ್ ಗಾರ್ಡನ್ ಅದನ್ನು ಇಲ್ಲಿಗೆ ತಂದದ್ದು 1935ರಲ್ಲಿ. ಮೊದಲ ವರ್ಷಗಳಲ್ಲಿ ಕವಿಗಳು ಪದ್ಯ ಓದುತ್ತಿದ್ದರು, ಲೆಡ್ ಬೆಲ್ಲಿ, ವೂಡಿ ಗತ್ರಿಯಂಥವರು ಜನಪದ ಹಾಡುತ್ತಿದ್ದರು. ಪೂರ್ತಿ ಜಾಝ್‌ಗೆ ಹೊರಳಿದ್ದು 1957ರಲ್ಲಿ. ಅದೇ ನವೆಂಬರ್‌ನಲ್ಲಿ ಸ್ಯಾಕ್ಸೊಫೋನ್ ವಾದಕ ಸಾನಿ ರೋಲಿನ್ಸ್ ಇಲ್ಲಿ ಧ್ವನಿಮುದ್ರಣ ಮಾಡಿದರು. 1961ರಲ್ಲಿ ಇನ್ನೊಬ್ಬ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್.

ನನಗೆ ಹುಚ್ಚು ಹಿಡಿಸಿದ್ದು ಮಾತ್ರ ಅದೇ 1961ರ ಜೂನ್ 25, ಬಿಲ್ ಎವಾನ್ಸ್ ಪಿಯಾನೋ ನುಡಿಸಿದ ಭಾನುವಾರ. ಆ ರೆಕಾರ್ಡಿಂಗನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಗ್ಲಾಸು ತಾಗುವ ಸದ್ದು, ಯಾರದೋ ಮಾತು, ನಗು. ಮೊದಮೊದಲು ಆ ಮಾತಾಡುವವರ ಮೇಲೆ ಸಿಟ್ಟು ಬರುತ್ತಿತ್ತು. ಈಗ ಅವರಿಗಾಗಿಯೇ ಕಿವಿಗೊಡುತ್ತೇನೆ. ಅವತ್ತು ಬೇಸ್ (ಆಳೆತ್ತರದ ಪಿಟೀಲಿನಂಥ ವಾದ್ಯ) ನುಡಿಸಿದ ಸ್ಕಾಟ್ ಲಫಾರೊ ಎರಡು ವಾರ ತುಂಬುವ ಮೊದಲೇ ಕಾರು ಅಪಘಾತದಲ್ಲಿ ತೀರಿಕೊಂಡರು. 25 ವರ್ಷ ಅಷ್ಟೇ. ಅಲ್ಲಿ ಕೂತು ಹರಟುತ್ತಿದ್ದವರಿಗೆ ಅದೆಲ್ಲಿ ಗೊತ್ತಿತ್ತು!

1989ರಲ್ಲಿ ಮ್ಯಾಕ್ಸ್ ಹೋದ ಮೇಲೆ ಹೆಂಡತಿ ಲೊರೇನ್ ನಡೆಸಿದರು, 2018ರಲ್ಲಿ ಅವರೂ ಹೋದರು. ಈಗ ಮಗಳು ಡೆಬೊರಾ. ಕೋವಿಡ್‌ನಲ್ಲಿ ಒಂದೂವರೆ ವರ್ಷ ಜನರನ್ನು ಒಳಗೆ ಬಿಡಲಿಲ್ಲ. ಆಗ ಆನ್‌ಲೈನ್‌ನಲ್ಲಿ ನೋಡಿದೆ. ಸುಮ್ನೆ ಹೇಳಬಾರದು, ಚೆನ್ನಾಗಿಯೇ ಇತ್ತು. ಆದರೆ ಗ್ಲಾಸಿನ ಸದ್ದೇ ಇಲ್ಲ.

ಹೊಸಬರು ಸೋಮವಾರವೇ ಹೋಗಿ ಅನ್ನುತ್ತೇನೆ. 1966ರಲ್ಲಿ ಥ್ಯಾಡ್ ಜೋನ್ಸ್, ಮೆಲ್ ಲೂಯಿಸ್ ಶುರು ಮಾಡಿದ ದೊಡ್ಡ ವಾದ್ಯವೃಂದ ಇವತ್ತಿಗೂ ಸೋಮವಾರ ನುಡಿಸುತ್ತದೆ. ಒಮ್ಮೆ ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಇಲ್ಲಿ ಊಟ ಸಿಗುವುದಿಲ್ಲ, ಹಿಂದಿನ ಅಡುಗೆಮನೆಯೇ ಕಲಾವಿದರ ಕೋಣೆ. ಅದರ ಬಾಗಿಲು ತೆರೆದಾಗ ಅಪ್ಪ ಬೋಂಡಾ ಬರುತ್ತದೆ ಅನ್ನೋ ಹಾಗೆ ತಿರುಗಿದರು. ಬಂದದ್ದು ಟ್ರಂಬೋನ್ ಅನ್ನೋ ಉದ್ದನೆಯ ತುತ್ತೂರಿ! ನಮ್ಮ ಮೇಜಿಗೆ ತಾಗದ ಹಾಗೆ ಅದನ್ನು ಎತ್ತಿ ಹಿಡಿದು ಒಬ್ಬರು ನುಸುಳಿಕೊಂಡು ಹೋದರು. ಆಮೇಲೆ ಡ್ರಮ್ಸ್‌ನವರು ಒಬ್ಬರೇ ನುಡಿಸುವಾಗ ಅಪ್ಪನ ಕೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಎಲ್ಲೋ ತಪ್ಪಿತು, ಬೆರಳು ಮಡಚಿ ಮತ್ತೆ ಎಣಿಸಿದರು. ‘ತನಿ ಆವರ್ತನ ಕಣೋ ಇದು. ಆದ್ರೆ ಸಮ ಎಲ್ಲಿಟ್ಟಿದ್ದಾನೋ ತಿಳೀಲಿಲ್ಲ,’ ಅಂದರು. ಈಗಲೂ ಫೋನ್ ಮಾಡಿದಾಗ ‘ಅಡುಗೆಮನೆಯವರು ಹೇಗಿದ್ದಾರೆ?’ ಅಂತ ಕೇಳುತ್ತಾರೆ.

ಟಿಕೆಟ್ ಈಗ 40 ಡಾಲರ್ ಆಸುಪಾಸು, ಮೇಲೆ ಒಂದು ಡ್ರಿಂಕ್ ಕಡ್ಡಾಯ. ಸೋಡಾ ಆದರೂ ನಡೆಯುತ್ತದೆ. ಮೇಜು ಅಂಗೈ ಅಗಲ, ಪಕ್ಕದವರ ಮೊಣಕೈ ಉಚಿತ. ಮಂಡಿ ನೋವಿದ್ದವರು ಮೆಟ್ಟಿಲನ್ನು ಲೆಕ್ಕದಲ್ಲಿಟ್ಟುಕೊಳ್ಳಿ. ಫೋನ್ ಜೇಬಲ್ಲೇ ಇರಲಿ, ಚಿತ್ರೀಕರಣಕ್ಕೆ ಬಿಡುವುದಿಲ್ಲ. ನನಗಂತೂ ಇದೇ ದೊಡ್ಡ ಸುಖ.

ಬೇಗ ಹೋಗಿ. ಒಮ್ಮೆ ರೈಲು ತಪ್ಪಿಸಿಕೊಂಡು ಕೊನೇ ಗಳಿಗೆಯಲ್ಲಿ ತಲುಪಿದ್ದೆ. ಹಿಂದೆ ಬಾರ್ ಹತ್ತಿರ ಜಾಗ ಸಿಕ್ಕಿತು. ರಾತ್ರಿಯಿಡೀ ಕಂಡದ್ದು ಡ್ರಮ್ಸ್‌ನ ಒಂದು ಸಿಂಬಲ್ ತಟ್ಟೆ, ಒಂದು ಬೋಳು ತಲೆ. ಕಿವಿಗೆ ಮಾತ್ರ ಏನೂ ಕಮ್ಮಿಯಾಗಲಿಲ್ಲ.