ರೆಟಿನಾಗೆ ನ್ಯೂರಲ್ ಸ್ಟೆಮ್ ಸೆಲ್ ಕಸಿ: ಚಿಕಿತ್ಸೆಯಾಗಿ ಎಷ್ಟು ಅಂಕ?

ಸಂಶೋಧನೆಯಾಗಿ ಐದಕ್ಕೆ ಮೂರು. ದುಡ್ಡು ಕೊಟ್ಟು ಮಾಡಿಸಿಕೊಳ್ಳುವ ಚಿಕಿತ್ಸೆಯಾಗಿ ಸೊನ್ನೆ.

ನ್ಯೂರಲ್ ಸ್ಟೆಮ್ ಸೆಲ್ ಮಿದುಳಿನ ಮೂಲದ ಕೋಶ. ನರಕೋಶವಾಗಲು, ನರಕೋಶಕ್ಕೆ ಆಸರೆಯಾಗುವ ಗ್ಲಿಯಾ ಆಗಲು ಅದಕ್ಕೆ ಬರುತ್ತದೆ. ರೆಟಿನಾದಲ್ಲಿ, ಅಂದರೆ ಕಣ್ಣಿನ ಹಿಂಪದರದಲ್ಲಿ, ಬೆಳಕು ಹಿಡಿಯುವ ರಾಡ್, ಕೋನ್ ಕೋಶ ಆಗುವುದು ಮಾತ್ರ ಅದರ ಕೈಯಲ್ಲಿ ಆಗದ ಕೆಲಸ. ಆನುವಂಶಿಕವಾಗಿ ರೆಟಿನಾ ಕೆಡುವ ಇಲಿಗಳಲ್ಲಿ ಈ ಕೋಶಗಳು ರೆಟಿನಾದ ಅಡಿಗೆ ಹರಡಿ, ಅಲ್ಲಿ ಕೂಡಿಕೊಳ್ಳುವ ಕಸವನ್ನು ನುಂಗಿ, ಇನ್ನೂ ಉಳಿದಿದ್ದ ಬೆಳಕುಗ್ರಾಹಿ ಕೋಶಗಳನ್ನು ಕಾಪಾಡಿದವು. ಸತ್ತವನ್ನು ಬದುಕಿಸಲಿಲ್ಲ. ಹಾಗಾಗಿ ‘ರಿಪೇರಿ’ ಎಂದು ಮಾರುವುದೇ ತಪ್ಪು; ರೋಗ ತೀರಾ ಮುಂದುವರಿದ ಕಣ್ಣಿನಲ್ಲಿ ಕಾಪಾಡಲು ಏನೂ ಉಳಿದಿರುವುದಿಲ್ಲ.

ಮನುಷ್ಯರಲ್ಲಿ ಒಣ ಮ್ಯಾಕ್ಯುಲರ್ ಡಿಜನರೇಷನ್‌ಗೆ (ವಯಸ್ಸಾದಂತೆ ರೆಟಿನಾದ ನಡುಭಾಗವಾದ ಮ್ಯಾಕ್ಯುಲಾ ಸವೆಯುವ ರೋಗ) ಸ್ಟೆಮ್‌ಸೆಲ್ಸ್ ಇಂಕ್ ಕಂಪನಿ ಇದನ್ನು ಪರೀಕ್ಷಿಸಿತು. ಕಣ್ಣಿಗೆ 2 ಲಕ್ಷದಿಂದ 10 ಲಕ್ಷ ಕೋಶ. 2016ರಲ್ಲಿ ಕಂಪನಿಯೇ ಕೆಲಸ ನಿಲ್ಲಿಸಿದ್ದರಿಂದ ಗಟ್ಟಿ ಉತ್ತರ ಸಿಗಲೇ ಇಲ್ಲ.

ಫಲಿತಾಂಶದ ಅರ್ಧಪಾಲು ಶಸ್ತ್ರಕ್ರಿಯೆಯ ಕೈಯಲ್ಲಿದೆ. ಮೊದಲು ವಿಟ್ರೆಕ್ಟಮಿ: ಕಣ್ಣೊಳಗಿನ ಜೆಲ್ ತೆಗೆದು, ರೆಟಿನಾಗೆ ಅಂಟಿದ ಅದರ ಹಿಂಪೊರೆಯನ್ನೂ ಬಿಡಿಸಬೇಕು. ಆಮೇಲೆ ಅತಿ ಸಣ್ಣ ಕೊಳವೆಸೂಜಿಯಿಂದ (38ರಿಂದ 41 ಗೇಜಿನ ಕ್ಯಾನ್ಯುಲಾ) ಸಲೈನ್ ಬಿಟ್ಟು ರೆಟಿನಾವನ್ನು ಗುಳ್ಳೆಯಂತೆ ಎಬ್ಬಿಸಿ, ಕೋಶದ್ರವವನ್ನು ನಿಧಾನವಾಗಿ ಸೇರಿಸುತ್ತಾರೆ. ಆತುರಪಟ್ಟರೆ ಸೂಜಿಯ ಒತ್ತಡಕ್ಕೇ ಕೋಶಗಳು ಸಾಯುತ್ತವೆ, ಮ್ಯಾಕ್ಯುಲಾದ ತೆಳುಭಾಗ ಹರಿಯಲೂಬಹುದು. ಸಿರಿಂಜ್ ಹಾಗೇ ಇಟ್ಟರೆ ಕೋಶಗಳು ತಳಕ್ಕಿಳಿದು ಡೋಸ್ ಏರುಪೇರಾಗುತ್ತದೆ, ಮೆಲ್ಲಗೆ ತಿರುಗಿಸುತ್ತಿರಬೇಕು. ಎಲ್ಲಕ್ಕಿಂತ ಕೆಟ್ಟದ್ದು, ಚುಚ್ಚಿದ ರಂಧ್ರದಿಂದ ಕೋಶಗಳು ವಾಪಸ್ ಉಕ್ಕುವುದು. ಅವು ರೆಟಿನಾದ ಮೇಲೆ ಪೊರೆ ಕಟ್ಟುತ್ತವೆ, ಆ ಪೊರೆ ಕುಗ್ಗುತ್ತಾ ರೆಟಿನಾವನ್ನೇ ಕಿತ್ತುಬಿಡುತ್ತದೆ. ಬೇರೆಯವರ ಕೋಶವಾದರೆ ದೇಹ ಅದನ್ನು ತಿರಸ್ಕರಿಸದಂತೆ ಟ್ಯಾಕ್ರೋಲಿಮಸ್‌ನಂಥ ಔಷಧ ಬೇಕು, ಜೊತೆಗೆ ಕಿಡ್ನಿ ಪರೀಕ್ಷೆ.

‘ಕೋಶಗಳು ರೆಟಿನಾದಲ್ಲಿ ಬೆರೆತವು’ ಎನ್ನುವ ಹೊಳೆಯುವ ಹಸಿರು ಚಿತ್ರಗಳಿಗೆ ಮರುಳಾಗಬೇಡಿ. ಇಲಿಗಳಿಗೆ ಕಸಿ ಮಾಡಿದ ಬೆಳಕುಗ್ರಾಹಿ ಕೋಶಗಳಲ್ಲಿ ಗುರುತಿಗೆಂದು ಇಟ್ಟ ಹಸಿರು ಪ್ರೋಟೀನ್ ಹೆಚ್ಚಾಗಿ ಇಲಿಯ ಸ್ವಂತ ಕೋಶಕ್ಕೆ ದಾಟಿರುತ್ತದೆ, ಕೋಶ ಬೆರೆತಿರುವುದಿಲ್ಲ ಎಂದು 2016ರ ಅಧ್ಯಯನಗಳು ತೋರಿಸಿದವು.

ಹೋಲಿಕೆಗೆ, ರೆಟಿನಾದ ಅಡಿಯಲ್ಲಿದ್ದು ಬೆಳಕುಗ್ರಾಹಿ ಕೋಶಗಳನ್ನು ಪೋಷಿಸುವ ಆರ್‌ಪಿಇ ಪದರವನ್ನೇ ಹಾಳೆಯಾಗಿ ಬೆಳೆಸಿ ಇಡುವ ದಾರಿ ಇದಕ್ಕಿಂತ ಮುಂದೆ ಸಾಗಿದೆ. 2014ರಲ್ಲಿ ಜಪಾನಿನ ಕೋಬೆಯಲ್ಲಿ ರೋಗಿಯದೇ ಐಪಿಎಸ್ ಕೋಶದ (ದೇಹದ ಸಾಮಾನ್ಯ ಕೋಶವನ್ನು ಸ್ಟೆಮ್ ಸೆಲ್ ಸ್ಥಿತಿಗೆ ಮರಳಿಸಿದ್ದು) ಹಾಳೆ ಹಾಕಿದಾಗ ಒಂದು ವರ್ಷದ ನಂತರ ದೃಷ್ಟಿ ಸುಧಾರಿಸಲಿಲ್ಲ, ಕುಸಿಯಲೂ ಇಲ್ಲ. 2018ರಲ್ಲಿ ವರದಿಯಾದ, ಆರ್‌ಪಿಇ ಹಾಳೆ ಹಾಕಿಸಿಕೊಂಡ ಲಂಡನ್ನಿನ ಇಬ್ಬರು ರೋಗಿಗಳು ಚಾರ್ಟಿನಲ್ಲಿ 29 ಮತ್ತು 21 ಅಕ್ಷರ ಹೆಚ್ಚು ಓದಿದರು. ಇಬ್ಬರೇ, ನೆನಪಿರಲಿ.

ಹೊಟ್ಟೆಯ ಕೊಬ್ಬಿನಿಂದ ತೆಗೆದ ‘ಸ್ಟೆಮ್ ಸೆಲ್’ ಅನ್ನು ಕಣ್ಣಿನ ಜೆಲ್‌ಗೆ ಚುಚ್ಚುವ ಕ್ಲಿನಿಕ್‌ಗಳ ಹತ್ತಿರ ಸುಳಿಯಲೇಬೇಡಿ. ಅಮೆರಿಕದ ಫ್ಲೋರಿಡಾದಲ್ಲಿ ಎರಡೂ ಕಣ್ಣಿಗೆ ಇದನ್ನು ಹಾಕಿಸಿಕೊಂಡ ಮೂವರು ಮಹಿಳೆಯರು ಬಹುಪಾಲು ದೃಷ್ಟಿ ಕಳೆದುಕೊಂಡದ್ದು 2017ರಲ್ಲಿ ವರದಿಯಾಯಿತು.

ಯಾರಾದರೂ ಈ ಕಸಿಗೆ ಕರೆದರೆ ಕೇಳಿ: ಕೋಶದ ಮೂಲ ಯಾವುದು? ಜೆಲ್‌ಗೋ, ರೆಟಿನಾದ ಅಡಿಗೋ? ನೋಂದಾಯಿತ ಟ್ರಯಲ್ ಹೌದೇ? ಹೆಚ್ಚು ಕೆಟ್ಟ ಒಂದೇ ಕಣ್ಣಿಗೆ ಮೊದಲು ಮಾಡುತ್ತಾರೆಯೇ? ರೆಟಿನಾದ ಪದರಗಳನ್ನು ತೋರಿಸುವ ಒಸಿಟಿ ಸ್ಕ್ಯಾನ್ ಮತ್ತು ಅಕ್ಷರ ಚಾರ್ಟಿನ ಪರೀಕ್ಷೆ ವರ್ಷವಿಡೀ ಇರುತ್ತದೆಯೇ? ಕಸಿಗೆ ಶುಲ್ಕ ಕೇಳಿದರೆ ಉಳಿದ ಪ್ರಶ್ನೆಗಳ ಅಗತ್ಯವೇ ಇಲ್ಲ.